ನಾನು ಕಿತ್ತ ಬೆಲೆಚೀಟಿ

ಅಕ್ಕನ ಮಗಳ ಕಣ್ಣಿಗೆ ಬಡಿದ ಗುಂಡು ನನ್ನ ಅಂಗಡಿಯದ್ದು. ಎರಡು ವರ್ಷ ಈ ಮಾತನ್ನು ಅಕ್ಕನಿಗೆ ಹೇಳಲಿಲ್ಲ.

ಕೊಲ್ಲಿ ದೇಶದ ಈ ಹಿದ್ ಊರಿನಲ್ಲಿ ನನ್ನದೊಂದು ಕೋಲ್ಡ್ ಸ್ಟೋರ್, ಎಂದರೆ ಸಣ್ಣ ದಿನಸಿ ಅಂಗಡಿ, ಇರುವುದು ಪೇಪರಿನಲ್ಲಿ ನನ್ನನ್ನು ಓದುವ ನಿಮಗೆ ಗೊತ್ತು. ಹಾಲು, ಖುಬ್ಬೂಸ್ ರೊಟ್ಟಿ, ಸೋಪು, ಫೋನ್ ಕಾರ್ಡು. ಈದ್ ಬಂತೆಂದರೆ ಇವುಗಳ ಜೊತೆ ಪೆಲೆಟ್ ಗನ್. ಪ್ಲಾಸ್ಟಿಕ್ ಬಂದೂಕು, ಒಳಗೆ ಬಟಾಣಿಗಿಂತ ಸಣ್ಣ ಗುಂಡು. ಡಬ್ಬಿಯ ಮೇಲೆ ‘ಆಟಿಕೆ’ ಎಂದೇ ಬರೆದಿರುತ್ತದೆ. (ಖಾಲಿ ಜ್ಯೂಸ್ ಕ್ಯಾನಿಗೆ ಹೊಡೆದು ನೋಡಿದ್ದೇನೆ. ತೂತು ಬಿತ್ತು.) ತಗಡನ್ನು ತೂತು ಮಾಡುವ ಆಟಿಕೆ ಯಾವುದು ಸ್ವಾಮಿ?

ಅಕ್ಕ ಮೊದಲೇ ಎಚ್ಚರಿಸಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಊರಲ್ಲಿ ಅಲೆಯುತ್ತಿದ್ದ ನನ್ನನ್ನು ಬಾವನಿಗೆ ಹೇಳಿ ಇಲ್ಲಿಗೆ ಕರೆಸಿಕೊಂಡವಳು ಅವಳು. ಒಂದು ಸಂಜೆ ಅಂಗಡಿಗೆ ಬಂದವಳು ಗಾಜಿನ ಪೆಟ್ಟಿಗೆಯಲ್ಲಿದ್ದ ಬಂದೂಕುಗಳನ್ನು ನೋಡಿ ಮುಖ ಸಿಂಡರಿಸಿದಳು. “ಇದೆಲ್ಲ ಎಂತಕ್ಕೆ ಇಡುವುದು ನೀನು? ಮಕ್ಕಳಿರುವ ಜಾಗ ಇದು. ತೆಗಿ” ಅಂದಳು. ತೆಗೆಯುತ್ತೇನೆ ಅಂದೆ. ತೆಗೆದೆ ಕೂಡ. ಗಾಜಿನ ಪೆಟ್ಟಿಗೆಯಿಂದ ತೆಗೆದು ಸೋಪಿನ ಕಾರ್ಟನ್ ಹಿಂದೆ ಇಟ್ಟೆ.

ಅಲ್ಲಿಂದಲೇ ಒಂದನ್ನು ನೂರಾಳಿಗೆ ಕೊಟ್ಟದ್ದು.

ನೂರಾ ಅಕ್ಕನ ಮೇಲಿನ ಫ್ಲ್ಯಾಟಿನ ಹುಡುಗಿ. ಪಾಕಿಸ್ತಾನದವರು. ಅಕ್ಕನ ಮಗಳು ನಿಶಾಳಿಗೂ ಅವಳಿಗೂ ಆಗ ಹತ್ತು ವರ್ಷ, ಒಬ್ಬಳನ್ನು ಬಿಟ್ಟು ಒಬ್ಬಳು ಊಟ ಮಾಡುತ್ತಿರಲಿಲ್ಲ. ಈದಿನ ದಿನ ಹೊಸ ಬಟ್ಟೆ ಹಾಕಿಕೊಂಡು ಬಂದವಳು ಕಾಲ್ಬೆರಳ ತುದಿಯಲ್ಲಿ ನಿಂತು, ಕೌಂಟರ್ ಮೇಲೆ ಗಲ್ಲ ಇಟ್ಟು, ಗನ್ ಉಂಟಾ ಎಂದು ಕೇಳಿದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಅಪ್ಪ ಎಲ್ಲಿ ಎಂದೂ ಕೇಳಲಿಲ್ಲ. ಗುಂಡಿನ ಒಂದು ಪೊಟ್ಟಣವನ್ನು ಪುಕ್ಕಟೆ ಬೇರೆ ಕೊಟ್ಟೆ. ಹಬ್ಬವಲ್ಲವೇ?

ಸಂಜೆ ಟೆರೇಸಿನಲ್ಲಿ ಇಬ್ಬರೂ ಆಡಿದರು. ಒಂದು ಗುಂಡು ನಿಶಾಳ ಎಡಗಣ್ಣಿಗೆ ಬಿತ್ತು.

ಫೋನ್ ಬಂದಾಗ ಶಟರ್ ಎಳೆದು ಓಡಿದೆ. ಬಾವ ಮಗುವನ್ನು ಎತ್ತಿಕೊಂಡು ಕಾರಿಗೆ ಇಳಿಯುತ್ತಿದ್ದರು, ಹಿಂದೆ ಅಕ್ಕ. ನಾನೂ ಹೋಗಬೇಕಿತ್ತಲ್ಲವೇ? ಹೋಗಲಿಲ್ಲ. ಟೆರೇಸ್ ಹತ್ತಿದೆ. ನೀರಿನ ಟ್ಯಾಂಕಿನ ಪಕ್ಕ ಡಬ್ಬಿ ಬಿದ್ದಿತ್ತು. ಅದರ ಮೇಲೆ ನನ್ನ ಚೀಟಿ.

ನನ್ನ ಚೀಟಿ ಎಂದರೆ ಯಾರಿಗೂ ಗುರುತು ಸಿಗುವಂಥದ್ದು. ಮಾರುವ ಬೆಲೆ ಇಂಗ್ಲಿಷ್ ಅಂಕಿಯಲ್ಲಿ, ಕೆಳಗೆ ನಾನು ಕೊಂಡ ಅಸಲು ಬೆಲೆ ಕನ್ನಡ ಅಂಕಿಯಲ್ಲಿ. ಗಿರಾಕಿಗೆ ತಿಳಿಯಬಾರದಲ್ಲ. (ಏಳನೇ ಕ್ಲಾಸಿನ ಓದು ಇಷ್ಟಕ್ಕಾದರೂ ಬಂತು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.) ಹಿದ್‌ನಲ್ಲಿ ಕನ್ನಡ ಅಂಕಿ ಬರೆಯುವ ಅಂಗಡಿ ಇನ್ನೊಂದಿಲ್ಲ. ಉಗುರಿನಿಂದ ಕೆರೆದು ಚೀಟಿ ಕಿತ್ತೆ. ಜೇಬಿಗೆ ಹಾಕಿಕೊಂಡೆ.

ತಿರುಗಿದರೆ ಬಾಗಿಲಲ್ಲಿ ನೂರಾ ನಿಂತಿದ್ದಳು. ನೋಡಿದ್ದಳು.

ಅವಳಿಗೆ ಮನೆಯಲ್ಲಿ ಏಟು ಬಿತ್ತು. ಎಲ್ಲಿಂದ ತಂದೆ ಎಂದರೆ ಅಂಗಡಿಯಿಂದ ಅಂದಳು, ಅಷ್ಟೇ. ಭಯವೋ, ನಾಚಿಕೆಯೋ, ನನ್ನ ಹೆಸರು ಹೇಳಲಿಲ್ಲ. ಆಸ್ಪತ್ರೆಯಿಂದ ಬಂದ ಅಕ್ಕ ನನ್ನನ್ನೇ ಕೇಳಿದಳು, ಇಂಥದ್ದನ್ನು ಮಕ್ಕಳ ಕೈಗೆ ಕೊಡುವ ಪಾಪಿ ಯಾರು ಎಂದು. ಮನಾಮ ಪೇಟೆಯಲ್ಲಿ ಎಲ್ಲ ಕಡೆ ಸಿಗುತ್ತದೆ, ಯಾರೆಂದು ಹೇಳುವುದು ಅಂದೆ.

ನಿಶಾ ಈಗ ಪುಸ್ತಕ ಓದುವಾಗ ತಲೆಯನ್ನು ಓರೆ ಮಾಡುತ್ತಾಳೆ. ಎಡಗಣ್ಣಿಗೆ ಎಲ್ಲ ಮಂಜು ಮಂಜು. ನೂರಾ ಅಂದಿನಿಂದ ಅಕ್ಕನ ಮನೆಯ ಹೊಸ್ತಿಲು ತುಳಿದಿಲ್ಲ. ಮೆಟ್ಟಿಲಲ್ಲಿ ಅವಳ ತಾಯಿ ಎದುರಾದರೆ ಅಕ್ಕ ಮುಖ ತಿರುಗಿಸುತ್ತಿದ್ದಳು. ನಾನು ನೋಡುತ್ತಿದ್ದೆ.

ಹೋದ ವಾರ ನಮ್ಮ ಕಡೆಯ ಅಂಗಡಿಯವರೆಲ್ಲ ಚಹಾಕ್ಕೆ ಸೇರಿದ್ದೆವು. ಇಂಥ ಗನ್‌ಗಳ ಮಾರಾಟಕ್ಕೆ ನಿಯಮ ಬಿಗಿ ಮಾಡಬೇಕೆಂಬ ಮಾತು ಎದ್ದಿದೆಯಲ್ಲ, ಅದೇ ಚರ್ಚೆ. ಮಕ್ಕಳಿಗೆ ಮಾರಬಾರದು, ದೊಡ್ಡವರಿಗೆ ಮಾರಿದರೂ ಸಿಪಿಆರ್ ಗುರುತಿನ ಕಾರ್ಡ್ ನೋಡಿ ಹೆಸರು ಬರೆದಿಡಬೇಕು ಎಂದು. ಎಲ್ಲರಿಗೂ ಸಿಟ್ಟು. ನಾವೇನು ಪೊಲೀಸರಾ ಎಂದರು. ನಾವು ಬಿಟ್ಟರೆ ಪಕ್ಕದವ ಮಾರುತ್ತಾನೆ ಎಂದರು. ಹಿರಿಯರಾದ ಉಮೇಶಣ್ಣ ನನ್ನ ಕಡೆ ತಿರುಗಿದರು.

“ನೀನು ಪೇಪರಿಗೆ ಬರೆಯುವವ. ನಮ್ಮ ಪರ ಒಂದು ಬರಿ ಮಾರಾಯ. ಪ್ಲಾಸ್ಟಿಕ್ಕಿಗೂ ಕಾನೂನಾ?”

ಬರೆಯುವುದಿಲ್ಲ ಅಂದೆ.

“ನೀನೂ ಮಾರಿದವನೇ ಅಲ್ವಾ?”

“ಹೌದು. ಅದಕ್ಕೇ ಹೇಳುವುದು.”

ಉಮೇಶಣ್ಣ, ಇಗೊಳ್ಳಿ, ಬರೆದಿದ್ದೇನೆ. ಸಿಮ್ ಕಾರ್ಡ್ ಕೊಡಲು ಸಿಪಿಆರ್ ಕಾಪಿ ತೆಗೆಯುವ ನಮಗೆ ಬಂದೂಕು ಕೊಡುವಾಗ ಮಾತ್ರ ಕೈ ನೋಯುತ್ತದೆಯೇ? ಸಿಗರೇಟು ಕೇಳಿದ ಹುಡುಗನ ಮುಖ ನೋಡುತ್ತೇವೆ, ಗನ್ ಕೇಳಿದವಳ ಮುಖ ಏಕೆ ನೋಡುವುದಿಲ್ಲ? ನಿಯಮ ಬೇಡ, ನಮಗೆ ಬುದ್ಧಿ ಇದೆ ಎನ್ನುತ್ತೀರಿ. ನನಗೂ ಇತ್ತು. ಅಕ್ಕ ಎದುರಿಗೇ ನಿಂತು ಹೇಳಿದ್ದಳು. ಸೋಪಿನ ಕಾರ್ಟನ್ ಹಿಂದೆ ಇಟ್ಟೆ. ನನ್ನಂಥವನಿಗೆ ಅಕ್ಕನ ಮಾತು ಸಾಲುವುದಿಲ್ಲ, ಕಾನೂನೇ ಬೇಕು. ನಾಳೆಯಿಂದ ನೀವು ಯಾರೂ ನನ್ನ ಜೊತೆ ಚಹಾ ಕುಡಿಯದಿದ್ದರೂ ಸರಿ.

ಆದರೆ ಇದನ್ನು ಪೇಪರಿನಲ್ಲಿ ಓದಿ ಅಕ್ಕನಿಗೆ ತಿಳಿಯಬಾರದಲ್ಲ. ಶುಕ್ರವಾರ ಬೆಳಿಗ್ಗೆ ಹೋದೆ. ಪರ್ಸಿನಲ್ಲಿ ಇಟ್ಟುಕೊಂಡಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟೆ. ಅಕ್ಕ ಕನ್ನಡ ಅಂಕಿ ನೋಡಿದಳು. ನನ್ನನ್ನು ನೋಡಿದಳು.

“ತಪ್ಪಾಯ್ತು ಅಕ್ಕ” ಅಂದೆ.

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಎದ್ದು ಚಪ್ಪಲಿ ಹಾಕಿಕೊಂಡಳು.

“ನನಗೆ ಮಾತ್ರ ಹೇಳಿದರೆ ಆಯ್ತಾ? ಬಾ.”

ಮೇಲಿನ ಮನೆಯ ಬೆಲ್ ಒತ್ತಿದವಳು ಅಕ್ಕನೇ. ಬಾಗಿಲು ತೆರೆದವಳು ನೂರಾ. ಉದ್ದ ಆಗಿದ್ದಾಳೆ, ಈಗ ನನ್ನ ಕೌಂಟರಿಗೆ ಬೆರಳ ತುದಿಯಲ್ಲಿ ನಿಲ್ಲಬೇಕಿಲ್ಲ. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ತಪ್ಪು ಯಾರದೆಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದೆ, ಕ್ಷಮೆ ಕೇಳಿದೆ:

“ಗಲತೀ ಮೇರಿ ಥೀ ನೂರಾ, ತುಮ್ಹಾರಿ ನಹೀಂ. ಮಾಫ್ ಕರೋ ಬೇಟಿ.”