ಕ್ಷೌರದಂಗಡಿಯ ಕಾಗದದ ಕೋಟೆ

ಮಾತ್ಸುಯೆ ಊರಿನ ಕಾಲುವೆ ಬೀದಿಯಲ್ಲಿ ಕಾತ್ಸುಮಿ ಮತ್ತು ಫುಸಾಕೊ ಎಂಬ ಗಂಡಹೆಂಡತಿ ಕ್ಷೌರದಂಗಡಿ ಇಟ್ಟುಕೊಂಡಿದ್ದರು. ಕೂದಲು ಕತ್ತರಿಸುವುದು ಅವನ ಪಾಲು, ಮುಖಕ್ಷೌರ ಅವಳ ಪಾಲು. ಮದುವೆಯಾದ ಹೊಸತರಲ್ಲಿ ಹಾಗೆ ಹಂಚಿಕೊಂಡದ್ದು ಇಬ್ಬರ ತಲೆ ನರೆತರೂ ಬದಲಾಗಿರಲಿಲ್ಲ. ಮಕ್ಕಳಿರಲಿಲ್ಲ.

ಕಾತ್ಸುಮಿಗೆ ಕಾಗದದ ಕೋಟೆ ಕಟ್ಟುವ ಹುಚ್ಚು. ಗೋಡೆ, ಕಿಟಕಿ, ಹೆಂಚು ಎಲ್ಲ ಬಿಡಿಬಿಡಿಯಾಗಿ ಅಚ್ಚಾದ ದಪ್ಪ ಹಾಳೆಗಳನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೋ ಅಂಗಡಿಯ ಮೇಲಣ ಅಟ್ಟದ ಮೇಜಿನ ಮೇಲೋ ಹರಡಿಕೊಂಡು, ಸಣ್ಣ ಚಾಕುವಿನಲ್ಲಿ ಒಂದೊಂದೇ ತುಂಡನ್ನು ಬಿಡಿಸುತ್ತಿದ್ದ. ಬೆರಳುಗುರಿನಷ್ಟಗಲದ ಕಿಟಕಿಯನ್ನು ಕೊರೆಯುವಾಗ ಉಸಿರು ಹಿಡಿಯುತ್ತಿದ್ದ. ಅಂಗಡಿಯ ಗಾಜಿನ ಹಿಂದೆ ಅವನ ಕೋಟೆಗಳು ಸಾಲಾಗಿ ನಿಂತಿದ್ದವು. "ನನ್ ತಲೆ ಕಡೆ ಸ್ವಲ್ಪ ನೋಡಪ್ಪಾ, ನಿನ್ ಕೋಟೆ ಎಲ್ಲೂ ಓಡಿಹೋಗಲ್ಲ" ಎಂದು ಪಕ್ಕದ ಬೀದಿಯಲ್ಲಿ ಕಾಗದ, ಪೆನ್ನು ಮಾರುವ ನೋದಾ ಪ್ರತಿ ಸಲವೂ ರೇಗಿಸುತ್ತಿದ್ದ.

ಆ ನೋದಾನ ಕೂದಲನ್ನೇ ಅರ್ಧ ಕತ್ತರಿಸಿದ್ದಾಗ ಕಾತ್ಸುಮಿಯ ಕೈಯಿಂದ ಕತ್ತರಿ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ. ಪಾರ್ಶ್ವವಾಯು. ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ ಬಲಗಾಲು ಎರಡೂ ಅವನ ಮಾತು ಕೇಳುತ್ತಿರಲಿಲ್ಲ. ನಾಲಿಗೆಯೂ ತೊಡರುತ್ತಿತ್ತು.

ಫುಸಾಕೊ ಅಂಗಡಿ ಮುಚ್ಚಲಿಲ್ಲ. ಕೂದಲು, ಗಡ್ಡ ಎರಡನ್ನೂ ತಾನೇ ನೋಡಿಕೊಂಡಳು. ಬೆಳಿಗ್ಗೆ ಅಟ್ಟಕ್ಕೆ ಹೋಗಿ ಗಂಡನ ಗಡ್ಡ ಹೆರೆದು, ಅವನನ್ನು ಕಿಟಕಿಯ ಬಳಿ ಕೂರಿಸಿ ಕೆಳಗಿಳಿಯುತ್ತಿದ್ದಳು. ಮತ್ತೆ ಬಂದಾಗಲೂ ಅವನು ಹಾಗೆಯೇ ಕೂತಿರುತ್ತಿದ್ದ. ಚಹಾ ಆರಿರುತ್ತಿತ್ತು. ಮೂಲೆಯ ಮೇಜಿನ ಮೇಲೆ ಅರ್ಧ ಕತ್ತರಿಸಿದ ಹಾಳೆ, ಅದರ ಮೇಲೆ ಚಾಕು. ಅದನ್ನು ತೆಗೆದಿಡಲು ಅವಳಿಗೂ ಮನಸ್ಸು ಬರಲಿಲ್ಲ.

"ಈಗ ಮನೇಲೇ ಇಟ್ಕೊಳ್ಳೋ ಯಂತ್ರ ಬಂದಿದೆ, ಫುಸಾಕೊ. ಹಾಳೆ ಒಳಗಿಟ್ರೆ ಸಾಕು, ಅದೇ ಕತ್ತರಿಸುತ್ತೆ. ಆಮೇಲೆ ಬರೀ ಮಡಿಚೋದು, ಅಂಟಿಸೋದು. ಅದನ್ನ ಎಡಗೈಲೂ ಮಾಡ್ಬೋದು" ಎಂದ ನೋದಾ.

ಅವಳಿಗೆ ಕತ್ತಲಲ್ಲಿ ಬಾಗಿಲು ಸಿಕ್ಕಂತಾಯಿತು. ಯಂತ್ರ ತರಿಸಿದಳು. ಬ್ರೆಡ್ಡಿನ ಡಬ್ಬದಂತೆ ಉದ್ದಕ್ಕಿದ್ದ ಅದನ್ನು ಅಟ್ಟದ ಮೇಜಿನ ಮೇಲಿಟ್ಟು, ಅಚ್ಚಾದ ಹಾಳೆಯನ್ನು ಅದರ ಜೊತೆ ಬಂದಿದ್ದ ಅಂಟುಮೈಯ ಚಾಪೆಗೆ ಒತ್ತಿ ಒಳಗೆ ಬಿಟ್ಟಳು. ಯಂತ್ರ ಹಾಳೆಯ ಮೂಲೆಗಳ ಕಪ್ಪು ಗುರುತುಗಳನ್ನು ತಡವಿ ನೋಡಿ, ಗುರ್‍ರೆಂದು ಹಿಂದೆ ಮುಂದೆ ಓಡಾಡಿತು. ಚಹಾ ಕುದಿಯುವಷ್ಟರಲ್ಲಿ ಒಂದಿಡೀ ಛಾವಣಿ ಬಿಡಿಸಿಟ್ಟಿತು.

"ನೋಡಿದ್ರಾ?" ಎಂದಳು.

ಕಾತ್ಸುಮಿ ನೋಡಿದ್ದ. ಮುಖ ಕಿಟಕಿಗೆ ತಿರುಗಿಸಿದ.

"ಚೆನ್ನಾಗಿದೆ. ಊಟಕ್ಕೂ ನನ್ ಬದಲು ಅದನ್ನೇ ಕೂರ್ಸ್ಕೊ."

ಆಮೇಲೆ ಅವನು ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ತಾನು ಮಾಡುತ್ತಿದ್ದರೆ ಇವತ್ತಲ್ಲ ನಾಳೆ ಅವನಿಗೂ ಆಸೆ ಹುಟ್ಟೀತೆಂದು ಫುಸಾಕೊ ಬಿಡುವಾದಾಗಲೆಲ್ಲ ಯಂತ್ರದ ಮುಂದೆ ಕೂತಳು. ಮೊದಮೊದಲು ಎಲ್ಲ ಎಡವಟ್ಟು. ಒಮ್ಮೆ ಅಲಗು ಗೆರೆ ತಪ್ಪಿ ಕಿಟಕಿಗಳನ್ನೆಲ್ಲ ಅರ್ಧರ್ಧ ಕಚ್ಚಿತು. ಇನ್ನೊಮ್ಮೆ ಗೋಡೆಗಳು ಪಟ್ಟಿಪಟ್ಟಿಯಾಗಿ ಅವಳ ಕೈಗೆ ಬಂದವು. ಅವಳು ಮಿಕಮಿಕ ನೋಡುತ್ತಿದ್ದರೆ ಹಿಂದಿನಿಂದ ತೊದಲು ದನಿ ಬಂತು:

"ಮಡಿಚೋ ಗೆರೆನೂ ಕತ್ತರಿಸಿದ್ಯಲ್ಲೇ, ಪೆದ್ದಿ! ಅದಕ್ಕೆ ಬರೀ ಗೀರು ಹಾಕ್ಬೇಕು."

ಕಾಯಿಲೆ ಬಿದ್ದಮೇಲೆ ಅವನು ಅಷ್ಟುದ್ದ ಬೈದದ್ದು ಅದೇ ಮೊದಲು. ಅವಳು ಕೆಳಗೆ ಬಂದು ಟವೆಲು ಮಡಚುವ ನೆಪದಲ್ಲಿ ಅತ್ತಳು.

ದಿನ ಕಳೆದಂತೆ ಕೈ ಪಳಗಿತು. ಅವಳೊಬ್ಬಳೇ ಒಂದು ಪುಟ್ಟ ಕೋಟೆ ಮಾಡಿ ಅಂಗಡಿಯ ಗಾಜಿನ ಹಿಂದೆ ಇಟ್ಟಳು. ನೋದಾ ಅದನ್ನು ನೋಡಿ ಮೆಟ್ಟಿಲ ಬುಡದಿಂದಲೇ ಕೂಗಿದ: "ಕಾತ್ಸುಮಿ! ನಿನ್ ಹೆಂಡ್ತಿ ನಿನ್ನೇ ಮೀರಿಸ್ಬಿಟ್ಳಲ್ಲಯ್ಯಾ!"

ಆ ಸಂಜೆ ಅವಳು ಕೋಟೆಯನ್ನು ಅಟ್ಟಕ್ಕೆ ತಂದು ಗಂಡನ ತೊಡೆಯ ಮೇಲಿಟ್ಟಳು. ಅವನು ತಿರುಗಿಸಿ ತಿರುಗಿಸಿ ನೋಡಿದ. ಎಡಗೈ ಮುಷ್ಟಿ ಕಟ್ಟಿ ಮೇಲಿಂದ ಒತ್ತಿದ. ಕೋಟೆ ಚಪ್ಪಟೆಯಾಯಿತು.

ಫುಸಾಕೊ ಅವನೆದುರು ದನಿಯೆತ್ತಿದ್ದು ಕಡಿಮೆ. ಅವತ್ತು ಎತ್ತಿದಳು.

"ಯಾರಿಗೋಸ್ಕರ ಕಲ್ತೆ ನಾನಿದನ್ನ? ನಂಗೆ ಯಾವತ್ತಾದ್ರೂ ಕೋಟೆ ಹುಚ್ಚಿತ್ತಾ? ದಿನವಿಡೀ ನಿಂತು ಕಾಲು ಸೋತು ಬಂದು, ಇದರ ಮುಂದೆ ಯಾಕ್ರೀ ಕೂರ್ತಿದ್ದೆ?"

ಅವನು ತಲೆಯೆತ್ತಲಿಲ್ಲ. "ಚೆನ್ನಾಗಿ ಮಾಡಿದ್ದೆ ನೀನು" ಎಂದ. ತಡೆದು, "ಅದಕ್ಕೇ" ಎಂದ.

ಕೆಲವು ದಿನ ಹಾಗೇ ಕಳೆದವು. ಅನ್ನ, ಊರ ಸರೋವರದ ಚಿಪ್ಪುಮೀನಿನ ಸಾರು ಅವನ ಮುಂದೆ ಬರುತ್ತಿದ್ದವು, ಖಾಲಿ ಬಟ್ಟಲುಗಳು ಹೋಗುತ್ತಿದ್ದವು. ಒಂದು ಬೆಳಿಗ್ಗೆ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತವನು ಇದ್ದಕ್ಕಿದ್ದಂತೆ ಬಾಯಿಬಿಟ್ಟ.

"ನಮ್ಮೂರ ಕೋಟೆ ಕತ್ತರಿಸ್ಕೊಡು. ಮಡಿಚೋದು ನಾನು. ನೀನು ಮುಟ್ಬಾರ್ದು."

"ಬಾಯಿ ಮುಚ್ಚಿ, ಕೊಯ್ದುಹೋಗುತ್ತೆ" ಎಂದಳು. ಒರೆಸಿದ ಕತ್ತಿಯನ್ನೇ ಮತ್ತೊಮ್ಮೆ ಒರೆಸಿದಳು.

ಅವಳು ಕತ್ತರಿಸಿದಳು. ಅವನು ಜೀವವಿಲ್ಲದ ಬಲಗೈಯನ್ನು ಎಡಗೈಯಿಂದ ಎತ್ತಿ ಹಾಳೆಯ ಮೇಲೆ ಭಾರಕ್ಕಿಟ್ಟು, ಹಳೆಯ ಬಾಚಣಿಗೆಯ ಬೆನ್ನಿನಿಂದ ಗೆರೆ ಮಡಚಿದ. ಒಂದು ಗೋಡೆಗೆ ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು. ಅಂಟು ಕೈಗೆ, ಅಂಗಿಗೆ, ಒಮ್ಮೊಮ್ಮೆ ಹುಬ್ಬಿಗೂ ಮೆತ್ತಿರುತ್ತಿತ್ತು. ಮೂಲೆಗಳು ಸೊಟ್ಟಗಾದವು. ಅವಳ ಬೆರಳು ತಾನಾಗಿ ಮುಂದೆ ಹೋದರೆ "ಹೂಂ?" ಎಂದು ಗದರುತ್ತಿದ್ದ. ಗಿರಾಕಿಗಳ ನಡುವೆ ಅವಳು ಮೆಟ್ಟಿಲು ಹತ್ತಿ ಇಣುಕಿದರೆ, ಕತ್ತು ಬಗ್ಗಿಸಿ ನಾಲಿಗೆ ಕಚ್ಚಿಕೊಂಡು ಕೂತ ಗಂಡ ಕಾಣುತ್ತಿದ್ದ. ಆ ಚಳಿಗಾಲ ಅವನು ಚಹಾ ಆರಲು ಬಿಡಲಿಲ್ಲ.

ಮೇಲ್ತುದಿಯ ಛಾವಣಿಯೊಂದೇ ಉಳಿದಿತ್ತು. ಹಿಮ ಬೀಳುತ್ತಿದ್ದ ಒಂದು ದಿನ ಫುಸಾಕೊ ಒಬ್ಬರ ಕ್ಷೌರ ಮುಗಿಸಿ ಮೇಲೆ ಬಂದಾಗ, ಕಾತ್ಸುಮಿ ಮೇಜಿನ ಮೇಲೆ ತಲೆಯಿಟ್ಟಿದ್ದ. ಬೆರಳಿನ ಅಂಟು ಇನ್ನೂ ಹಸಿಯಾಗಿತ್ತು. ಅವಳು ಕರೆದಳು, ಅಲುಗಾಡಿಸಿದಳು. ಅವನು ಹೋಗಿಬಿಟ್ಟಿದ್ದ.

ಹೆಣವನ್ನು ಕೆಳಗಿನ ಕೋಣೆಯಲ್ಲಿ ಮಲಗಿಸಿದರು. ಊದುಬತ್ತಿ ಹಚ್ಚಿದರು. ನೆಂಟರು ಬಂದರು. ಹೆಣದ ಜೊತೆ ಸುಡುವ ಪೆಟ್ಟಿಗೆಯೊಳಗೆ ಅವನಿಗೆ ಪ್ರಿಯವಾದದ್ದನ್ನು ಇಡಬಹುದು, ಲೋಹ ಗಾಜು ಮಾತ್ರ ಬೇಡ, ಕಾಗದವಾದರೆ ಅಡ್ಡಿಯಿಲ್ಲ ಎಂದು ಅಂತ್ಯಕ್ರಿಯೆಯವನು ಹೇಳಿದ. ಫುಸಾಕೊ ಸದ್ದಿಲ್ಲದೆ ಅಟ್ಟಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಯಂತ್ರದ ಗುರ್‍ರೆಂಬ ಸದ್ದು ಕೇಳಿಸಿತು. ಜನ ಮುಖ ಮುಖ ನೋಡಿಕೊಂಡರು. ಕಾತ್ಸುಮಿಯ ಅಕ್ಕ ಯೋಶಿನೊ ದಡದಡ ಮೆಟ್ಟಿಲು ಹತ್ತಿದಳು.

"ಕೆಳಗೆ ನನ್ ತಮ್ಮ ಮಲಗಿದಾನೆ, ನೀನಿಲ್ಲಿ ಆಟ ಆಡ್ತಾ ಕೂತಿದ್ಯಾ? ಜನ ಏನನ್ಕೋತಾರೆ?"

"ಛಾವಣಿ ಇಲ್ಲ, ಅಕ್ಕಾ. ಹಂಗೇ ಹೆಂಗೆ ಕಳಿಸ್ಲಿ?"

ಯೋಶಿನೊ ಮೇಜಿನ ಮೇಲಿನ ಕೋಟೆಯನ್ನು ನೋಡಿದಳು. ಬಾಗಿಲು ಎಳೆದುಕೊಂಡು, ಮಂಡಿಯೂರಿ ಪಕ್ಕದಲ್ಲಿ ಕೂತಳು.

ಛಾವಣಿ ಕೂದಲೆಳೆಯಷ್ಟೂ ತಪ್ಪದೆ ಬಂದಿತ್ತು. ಫುಸಾಕೊ ಮಡಚಿ ಕೋಟೆಯ ನೆತ್ತಿಗೆ ಹಿಡಿದಳು. ಕೂರಲಿಲ್ಲ. ಈ ಕಡೆ ಒತ್ತಿದರೆ ಆ ಕಡೆ ಎದ್ದಿತು. ಗೋಡೆಗಳೇ ಸೊಟ್ಟಗಿದ್ದವು. ಒಂದು ಮೂಲೆ ಬಿಡಿಸಿ ನೇರ ಮಾಡಿದ್ದರೆ ಸರಿಹೋಗುತ್ತಿತ್ತು. ಅವಳು ಕಾತ್ಸುಮಿಯ ಚಾಕು ತೆಗೆದುಕೊಂಡು ಮೂಲೆಗೆ ಮೊನೆ ತಾಗಿಸಿದಳು. ಅಲ್ಲಿ ಒಣಗಿದ ಅಂಟಿನಲ್ಲಿ ಅವನ ಬೆರಳಚ್ಚು ಮೂಡಿತ್ತು. ಚಾಕು ಕೆಳಗಿಟ್ಟಳು.

"ನಂಗಾಗಲ್ಲ, ಅಕ್ಕಾ."

"ಬಿಡು. ಛಾವಣೀನ ಪಕ್ಕದಲ್ಲೇ ಇಡೋಣ. ಅವನೇ ಅಂಟಿಸ್ಕೊಳ್ತಾನೆ" ಎಂದು ಯೋಶಿನೊ ಕೆಳಗೆ ಅಡುಗೆಮನೆಗೆ ಹೋಗಿ, ಒಂದು ಹಿಡಿ ಅನ್ನವನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಳು. "ಚಿಕ್ಕೋರಿದ್ದಾಗ ನಾವು ಅನ್ನದಲ್ಲೇ ಅಂಟಿಸ್ತಿದ್ವಿ. ಅವನಿಗೆ ಗೊತ್ತು."

ಕೋಟೆಯನ್ನು ಅವನ ಎದೆಯ ಪಕ್ಕ, ಛಾವಣಿಯನ್ನೂ ಅನ್ನವನ್ನೂ ಎಡಗೈಗೆ ಎಟಕುವಂತೆ ಇಟ್ಟರು. ಫುಸಾಕೊ ಕೊನೆಯ ಸಲ ಅವನ ಕೆನ್ನೆ ಸವರಿ ನೋಡಿದಳು. ಬೆಳಿಗ್ಗೆ ತಾನೇ ಹೆರೆದ ಗಡ್ಡ, ಎಲ್ಲೂ ಚುಚ್ಚಲಿಲ್ಲ. ಪೆಟ್ಟಿಗೆ ಮುಚ್ಚಿದರು.

ಚಿತಾಗಾರದಲ್ಲಿ ಪದ್ಧತಿಯಂತೆ ಜೋಡಿ ಕಡ್ಡಿ ಹಿಡಿದು ಮೂಳೆ ಆಯುವಾಗ ಅವಳ ಕಣ್ಣು ಬೂದಿಯಲ್ಲಿ ಹುಡುಕುತ್ತಿತ್ತು. ಕಾಗದದ ಕುರುಹು ಏನೂ ಇರಲಿಲ್ಲ.

ಬೇಸಗೆಯ ಸೆಕೆಯಲ್ಲಿ, ಸತ್ತವರು ಮನೆಗೆ ಬರುವ ಹಬ್ಬಕ್ಕೆ ಯೋಶಿನೊ ಬಂದಳು. ಇಬ್ಬರೂ ಅಟ್ಟದಲ್ಲಿ ತಣ್ಣನೆಯ ಶ್ಯಾವಿಗೆ ಉಣ್ಣಲು ಕೂತರು. ಯಂತ್ರದ ಮೇಲೆ ಅಂಗಡಿಯ ಬಿಳಿ ಬಟ್ಟೆ ಹೊದಿಸಿತ್ತು.

"ಒಂದ್ಸಲ ಓಡಿಸೇ. ಅವತ್ತು ಬೈದ್ಬಿಟ್ಟೆ. ಏನು ಮಾಡುತ್ತೆ ಅಂತ ಸರಿಯಾಗಿ ನೋಡ್ಲೇ ಇಲ್ಲ" ಎಂದಳು ಯೋಶಿನೊ.

ಫುಸಾಕೊ ಎದ್ದು ಬಟ್ಟೆಯ ಅಂಚು ಹಿಡಿದಳು. ಹಿಡಿದುಕೊಂಡೇ ನಿಂತಳು.

"ಇನ್ನೂ ಆಗ್ತಿಲ್ಲ, ಅಕ್ಕಾ" ಎಂದು ಬಂದು ಕೂತಳು. ಯೋಶಿನೊ ತನ್ನ ಬಟ್ಟಲಿನ ಶ್ಯಾವಿಗೆಯನ್ನು ಅವಳ ಬಟ್ಟಲಿಗೆ ಹಾಕಿ, "ತಿನ್ನು, ಏನೂ ತಿಂದಿಲ್ಲ ನೀನು" ಎಂದಳು.