ನೋವೇನಿಲ್ಲ ತಾನೇ?

ಜಪಾನಿನ ಹಚಿನೊಹೆ ಬಂದರಿನ ಮೀನು ಕಾರ್ಖಾನೆಯಲ್ಲಿ ಕಿನುಯೊ ಮೂವತ್ತೊಂದು ವರ್ಷ ನನ್ನ ಪಕ್ಕದಲ್ಲೇ ನಿಂತು ಬೊಂಡಾಸ್ ಮೀನು ಸೀಳಿದಳು. ಮಂಜುಗಡ್ಡೆಯ ನೀರಿನಲ್ಲಿ ಅವಳ ಬೆರಳುಗಳು ಸೊಟ್ಟಗಾಗಿದ್ದವು. ಪ್ರತಿ ಸೋಮವಾರ ಮೇಸ್ತ್ರಿ ನುಕಜಾವಾ ಬಂದು, “ಕೈ ನೋವೇನಿಲ್ಲ ತಾನೇ?” ಎನ್ನುತ್ತಿದ್ದ.

“ಹೂಂ, ಇಲ್ಲ,” ಎನ್ನುತ್ತಿದ್ದಳು.

ನಮ್ಮಲ್ಲಿ ಕೇಳುವ ರೀತಿಯೇ ಹಾಗೆ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟುಕೊಡುತ್ತಾರೆ. ನಾವು ಹೂಂಗುಟ್ಟಿದರೆ ಮುಗಿಯಿತು. ‘ನೋವಿದೆ’ ಎಂದು ಎದುರಾಡಿದವಳಿಗೆ ಸೊಕ್ಕಿನವಳೆಂಬ ಹೆಸರು.

ಕಿನುಯೊಳ ಗಂಡ ಮನೆ ಬಿಟ್ಟು ಹೋಗುವಾಗಲೂ ಹೀಗೇ ಕೇಳಿದನಂತೆ: “ನಾನಿಲ್ದಿದ್ರೆ ನಿಂಗೇನೂ ತೊಂದ್ರೆ ಇಲ್ಲ ಅಲ್ವಾ?” ಅದಕ್ಕೂ ಇವಳು ಹೂಂ ಅಂದಿದ್ದಳು.

“ನಿನ್ ಬಾಯಿಗಿಷ್ಟು ಮಣ್ಣು ಹಾಕ!” ಎಂದು ನಾನು ಬೈದರೆ ನಕ್ಕಳು.

ಕಳೆದ ಮಾರ್ಚಿನ ಒಂದು ಸೋಮವಾರ ನುಕಜಾವಾ ಬೇರೆ ಪ್ರಶ್ನೆ ತಂದ. “ಕಿನುಯೊ ಅವ್ರೇ, ಇನ್ಮೇಲೆ ಈ ಕೆಲ್ಸ ನಿಮ್ ಕೈಲಿ ಆಗಲ್ಲ ಅಲ್ವಾ?”

ಅವಳ ಕೈಲಿ ಆಗುತ್ತಿತ್ತು. ಆ ಬೆಳಿಗ್ಗೆಯೂ ನನಗಿಂತ ಎರಡು ಬುಟ್ಟಿ ಹೆಚ್ಚೇ ಸೀಳಿದ್ದಳು. ನಾನು ಮೇಜಿನಡಿ ಅವಳ ಬೂಟಿಗೆ ಒದ್ದೆ. ಅವಳು ತಲೆ ತಗ್ಗಿಸಿ, “ಹೂಂ, ಆಗಲ್ಲ,” ಎಂದಳು. ಅವನು ನಿರಾಳನಾಗಿ ಮುಂದಿನ ಮೇಜಿಗೆ ಹೋದ.

ಸಂಜೆ ಗೇಟಿನವರೆಗೆ ಅವಳ ಜೊತೆ ನಡೆದೆ. ಇವತ್ತಾದರೂ ನೆಟ್ಟಗೆ ಕೇಳಬೇಕು, ಮುಂದೇನು ಮಾಡ್ತೀಯೆ ಎಂದು ಕೇಳಬೇಕು ಅಂದುಕೊಂಡೆ. ಹಾಳು ಬಾಯಿ. “ಬೇಜಾರೇನಿಲ್ಲ ತಾನೇ, ಕಿನುಯೊ?” ಎಂದುಬಿಟ್ಟೆ.

“ಹೂಂ, ಇಲ್ಲ ಕಣೆ,” ಎಂದಳು. ಆಮೇಲೆ, ಅಂದು ಬೆಳಿಗ್ಗೆಯಷ್ಟೇ ಹೊಸದಾಗಿ ಮಸೆದು ತಂದಿದ್ದ ತನ್ನ ಚಾಕುವನ್ನು ನನ್ನ ಕೈಗಿಟ್ಟಳು.