ನೊಣ ಕೂರದ ಮೂಲೆ

ಯುದ್ಧದ ಕಾಲ. ಸಿಮೆಂಟಿಗೆ ಪರ್ಮಿಟ್ಟು ಬೇಕಿತ್ತು, ಪರ್ಮಿಟ್ಟು ಸಿಕ್ಕರೂ ಸಿಮೆಂಟು ಸಿಗುತ್ತಿರಲಿಲ್ಲ. ಮಳವಳ್ಳಿಯಲ್ಲಿ ಒಂದು ಶಾಲೆಗೆ ಎರಡು ಕೋಣೆ ಕಟ್ಟಲು ಗುತ್ತಿಗೆ ಹಿಡಿದಿದ್ದ ನನ್ನ ಸೋದರಮಾವ ಹಾಗಾಗಿ ಹಳೆಯ ಗಾರೆ ತಾರಸಿಗೇ ಮರಳಬೇಕಾಯಿತು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಒಂದು ಕಡೆ ಕೂರಲಾರದೆ ಅಲೆಯುತ್ತಿದ್ದ ನನ್ನನ್ನು ಅವರು ಉಸ್ತುವಾರಿಗೆಂದು ಅಲ್ಲಿಗೆ ಅಟ್ಟಿದರು. ದೀಪಾವಳಿ ಕಳೆದಿತ್ತೆಂದು ನನ್ನ ನೆನಪು. ಆಲೆಮನೆಗಳು ಶುರುವಾಗಿದ್ದವು ಎಂಬುದಂತೂ ಖಂಡಿತ, ಏಕೆಂದರೆ ಊರ ತುಂಬ ನೊಣಗಳಿದ್ದವು.

ಗಾರೆ ತಾರಸಿ ಅವಸರದ ಕೆಲಸವಲ್ಲ. ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ನಿಲ್ಲಿಸಿ ಜೋಡಿಸಬೇಕು. ಅದರ ಮೇಲೆ ಸುಣ್ಣ ಕಲಸಿದ ಇಟ್ಟಿಗೆ ಜಲ್ಲಿ ಹರಡಬೇಕು. ಆಮೇಲೆ ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು ಮರದ ಕೊಡತಿಯಿಂದ ಮೂರು ದಿನ ಬಡಿಯಬೇಕು. ಬಡಿಯುವಾಗ ಚಿಮುಕಿಸುವುದು ಬರೀ ನೀರಲ್ಲ. ಅಳಲೆಕಾಯಿ ಜಜ್ಜಿ, ಕರಿಬೆಲ್ಲ ಸೇರಿಸಿ, ದಿನಗಟ್ಟಲೆ ಬಾನಿಯಲ್ಲಿ ಕೊಳೆಯಹಾಕಿದ ನೀರು.

ಇದನ್ನೆಲ್ಲ ಬಲ್ಲವರು ಊರಿನಲ್ಲಿ ಒಬ್ಬರೇ ಉಳಿದಿದ್ದರು, ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿ. ಅವರ ಕೈಕೆಳಗೆ ಕಲಿಯಲು ಬಂದವರು ದುದ್ದದ ಕಡೆಯ ಆರು ಮಂದಿ ಯುವಕರು, ಮಂಡ್ಯದಲ್ಲಿ ಸಿಮೆಂಟು ಕೆಲಸ ಮಾಡಿ ಪಳಗಿದವರು. ಬೆಲ್ಲದ ಬಾನಿ ಕಂಡರೆ ಅವರಿಗೆ ನಗು.

"ತಾತ, ಇದು ಮಾಳ್ಗೆನೋ ಒಬ್ಬಟ್ಟೋ?"

"ಒಬ್ಬಟ್ಟೇ ಕಣ್ಲಾ. ನಿನ್ ಮೊಮ್ಮಕ್ಳು ಬಂದು ತಿಂತಾರೆ. ಬಾಯಿ ಮುಚ್ಕಂಡು ತಟ್ಟು."

ಒಬ್ಬ ಮಾತ್ರ ನಗುತ್ತಿರಲಿಲ್ಲ. ಮದ್ದೂರಿನ ವರ್ತಕರೊಬ್ಬರು ಮನೆ ಕಟ್ಟಿಸುತ್ತಿದ್ದರು. ಇವನಿಗೆ ತಾರಸಿ ಬರುತ್ತದೆ ಎಂದು ಮುದುಕರು ಒಂದು ಮಾತು ಹೇಳಿದರೆ ಸಂಕ್ರಾಂತಿಯಿಂದ ಆ ಕೆಲಸ ಇವನದು, ಇವನೇ ಮೇಸ್ತ್ರಿ. ಹೇಳದಿದ್ದರೆ ಮತ್ತೆ ಇನ್ನೊಬ್ಬರ ಕೈಕೆಳಗೆ ಗಾರೆ ತುಂಬಿದ ಬಾಣಲಿ ಹೊರಬೇಕು. ಇಪ್ಪತ್ತೆರಡು ವರ್ಷದ ಅವನು ಮುದುಕರ ಕೈಯನ್ನೇ ನೋಡುತ್ತಾ ಇರುತ್ತಿದ್ದ. ಬಡಿಯುವ ಹೆಂಗಸರ ಸಾಲಿನಲ್ಲಿ ಅವನ ಹೆಂಡತಿಯೂ ಇದ್ದಳು.

ನನಗೋ ಬೆಲ್ಲದ ಮೇಲೆ ನಂಬಿಕೆ ಇರಲಿಲ್ಲ.

"ಬೆಲ್ಲ ಯಾಕೆ ಮೇಸ್ತ್ರಿಗಳೇ?" ಎಂದು ಕೇಳಿದೆ.

"ಇಡ್ಕತದೆ ಬುದ್ದಿ."

"ಏನನ್ನ ಹಿಡ್ಕೊಳ್ಳುತ್ತೆ?"

"ಒಂದುನ್ನೊಂದು."

ಇದು ಉತ್ತರವೇ ಅಲ್ಲ ಎನ್ನಿಸಿತು. ಬಡಿತದ ಮೊದಲ ದಿನ ಮುದುಕರು ಊಟಕ್ಕೆ ಹೋದಾಗ ನಾನು ಆ ಯುವಕನನ್ನು ಕರೆದು, ಮೂಡಲ ಮೂಲೆಯಲ್ಲಿ ಒಂದು ಮಾರಿನಷ್ಟು ಜಾಗಕ್ಕೆ ಬರೀ ನೀರು ಹಾಕಿಸು, ವ್ಯತ್ಯಾಸ ಏನಾದರೂ ಇದೆಯೋ ನೋಡೋಣ ಎಂದೆ.

"ತಾತಂಗೆ ಗೊತ್ತಾದ್ರೆ?"

"ಹೇಗೆ ಗೊತ್ತಾಗುತ್ತೆ? ಒಣಗಿದ ಮೇಲೆ ಎಲ್ಲಾ ಒಂದೇ ಬಣ್ಣ."

ಓದಿದವನು ಎಂಬ ಒಂದೇ ಕಾರಣಕ್ಕೆ ಅವನು ನನ್ನ ಮಾತು ಕೇಳಿದ.

ಮಾರನೆಯ ಬೆಳಿಗ್ಗೆ ಮುದುಕರು ಏಣಿ ಹತ್ತಿ ಬಂದವರು ಅಲ್ಲೇ ನಿಂತರು. ತಾರಸಿಯ ಮೇಲೆಲ್ಲ ನೊಣ ಮುತ್ತಿ ಕಪ್ಪಾಗಿತ್ತು. ಮೂಡಲ ಮೂಲೆಯೊಂದು ಮಾತ್ರ ಗುಡಿಸಿ ಬಿಟ್ಟಂತೆ ಚೊಕ್ಕಟವಾಗಿತ್ತು. ಮುದುಕರು ಅಲ್ಲಿ ಕೂತು, ಬೆರಳು ಒತ್ತಿ, ನಾಲಿಗೆಗೆ ಮುಟ್ಟಿಸಿ ಉಗುಳಿದರು.

"ಯಾವನ್ಲಾ ಇದು ಮಾಡ್ದೋನು? ನೊಣಕ್ಕೆ ಗೊತ್ತಾಯ್ತದೆ, ನಿಮ್ಗೆ ಗೊತ್ತಾಗಕಿಲ್ವಾ?"

"ನಾನೇ ತಾತ" ಎಂದ ಯುವಕ.

"ಯಾಕ್ಲಾ?"

ಅವನು ನನ್ನ ಹೆಸರೆತ್ತದೆ, ಬಗ್ಗಿ ಬಾಣಲಿ ಎತ್ತಿಕೊಂಡ.

"ಇಳಿ ಕೆಳೀಕೆ. ಮದ್ದೂರ್ನೋರ್ಗೆ ನಾನೇ ಯೇಳ್ಕಳ್ಸ್ತೀನಿ, ನಿನ್ ಕೈಲಿ ಆಗಕಿಲ್ಲ ಅಂತ."

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನಾನು ಕೂಡಲೇ ಮುಂದೆ ಬಂದು ತಪ್ಪು ನನ್ನದು ಎಂದೆ ಅಂತ ಬಹಳ ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಎಷ್ಟೋ ಕಾಲದ ಮೇಲೆ ಮದ್ದೂರು ಸ್ಟೇಷನ್ನಿನಲ್ಲಿ ಆ ಗಂಡಹೆಂಡಿರು ಸಿಕ್ಕರು. ಮಾತಿಗೆ ಮಾತು ಬಂದು ಅವರ ಎದುರೂ ಅದನ್ನೇ ಹೇಳಿದೆ. ಅವಳು ನಕ್ಕುಬಿಟ್ಟಳು.

"ಸುಮ್ಕಿರಿ ಬುದ್ದಿ. ಎಲ್ಲಂದ್ರಿ? ನೀವು ಏಣಿ ಇಳ್ದೋಗಿ ಮೊಕ ತೊಳೀತಾ ನಿಂತಿದ್ರಿ. ತಾತಂಗೆ ಯೇಳ್ದೋಳು ನಾನು."

"ಓಗ್ಲಿ ಬುಡಮ್ಮಿ. ಆಮೇಕಾದ್ರೂ ಒಪ್ಕಂಡ್ರಲ್ಲ" ಎಂದ ಗಂಡ.

"ನಾನು ಕರ್ಕಂಬಂದ್ಮೇಕೆ ಒಪ್ಕಂಡ್ರು!"

ಮುಖಕ್ಕೆ ಎರಚಿಕೊಂಡ ಆ ನೀರಿನ ತಂಪು ಈಗ ನನಗೂ ನೆನಪಾಗುತ್ತದೆ. ಅದು ಮೊದಲಿಂದ ಇದ್ದ ನೆನಪೋ, ಅವಳು ಹೇಳಿದ ಮೇಲೆ ಹುಟ್ಟಿದ್ದೋ ತಿಳಿಯದು. ಆದರೂ ನನ್ನ ಮಾತಿಗಿಂತ ಅವಳ ಮಾತಿನ ಮೇಲೇ ನನಗೆ ನಂಬಿಕೆ ಹೆಚ್ಚು.

ಅಂತೂ ನಾನು ಒಪ್ಪಿಕೊಂಡಾಗ ಮುದುಕರು ಬೈಯಲಿಲ್ಲ. ಈ ಭಾಗ ಮೂವರಿಗೂ ಒಂದೇ ಥರ ನೆನಪಿದೆ.

"ಬುದ್ದಿ, ಅನ್ಮಾನ ಇದ್ರೆ ನನ್ನ ಕೇಳ್ಬೇಕಿತ್ತು. ನೆಲದ್ ಮೇಲೆ ಎರಡು ತುಂಡು ಮಾಡ್ಕೊಡ್ತಿದ್ದೆ, ಬೆಲ್ಲದ್ದೊಂದು, ನೀರಿಂದೊಂದು. ಮಕ್ಳು ಕೂರೋ ಜಾಗದ್ ಮೇಲೆ ಯಾಕ್ ನೋಡೀರಿ?"

ನನ್ನ ಪ್ರೊಫೆಸರರು ಕೂಡ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಆಮೇಲೆ ಅವರು ಯುವಕನ ಕಡೆ ತಿರುಗಿದರು.

"ಕಿತ್ತಾಕು. ನೀನೇ ಕಟ್ಟು. ಮೂಲೆ ಒಂದೇ ಅಲ್ಲ, ಇನ್ನುಳಿದದ್ದೆಲ್ಲ ನಿಂದೇ. ನಾನು ಮ್ಯಾಲಕ್ಕೆ ಬರಕಿಲ್ಲ. ಬುದ್ದಿಯೋರ್ಗೂ ಒಂದು ಕೊಡತಿ ಕೊಡು."

ಹೀಗೆ ನನ್ನ ಮೊದಲ ಸ್ವಂತ ಪ್ರಯೋಗ ಉತ್ತರ ಕೊಡುವ ಮೊದಲೇ ಗುದ್ದಲಿಗೆ ಸಿಕ್ಕಿತು. ಆ ಮೂಲೆ ನಿಜವಾಗಿ ಸೋರುತ್ತಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಮೂರು ದಿನ ನಾನು ಹೆಂಗಸರ ಸಾಲಿನ ಕೊನೆಯಲ್ಲಿ ಕೂತು ಬಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು.

"ಬುದ್ದಿ, ಅದು ಕೊಡತಿ, ಪೆನ್ನಲ್ಲ. ಇಡೀ ಕೈಯಾಗೆ ಇಡ್ಕಳಿ" ಎಂದು ಅವನ ಹೆಂಡತಿ ಹಂಗಿಸುತ್ತಿದ್ದಳು. ಸಾಲಿಗೆ ಸಾಲೇ ನಗುತ್ತಿತ್ತು.

ಅವನು ಮಾತ್ರ ನಗದೆ ಅತ್ತಿಂದಿತ್ತ ಬರಿಗಾಲಲ್ಲಿ ಓಡಾಡುತ್ತಿದ್ದ. ಎಲ್ಲಿ ನೀರು ಹೆಚ್ಚು, ಎಲ್ಲಿ ಕಡಿಮೆ ಎಂದು ಅವನೇ ಹೇಳಬೇಕಿತ್ತು. ಮುದುಕರು ಕೆಳಗೆ ಹೊಂಗೆ ಮರದ ನೆರಳಿನಲ್ಲಿ ಕಣ್ಣು ಮುಚ್ಚಿ ಒರಗಿದ್ದರು, ನಿದ್ದೆ ಹೋದವರ ಹಾಗೆ. ಮೊದಲ ದಿನ ಕೊಡತಿಯ ಸದ್ದು ಒದ್ದೆ ಬಟ್ಟೆ ಒಗೆದಂತೆ ಕೇಳುತ್ತಿತ್ತು. ಮೂರನೆಯ ಮಧ್ಯಾಹ್ನದ ಹೊತ್ತಿಗೆ ಅದು ಗಟ್ಟಿಯಾಗಿ, ಏಟು ಹಾಕಿದರೆ ಕೊಡತಿಯೇ ಮೇಲಕ್ಕೆ ಪುಟಿಯತೊಡಗಿತು. ಅವನು ಇನ್ನೊಂದು ಸುತ್ತು ಬಡಿಸಿದ. ಸ್ವಲ್ಪ ಹೊತ್ತು ತಲೆ ವಾಲಿಸಿ ಕೇಳಿಸಿಕೊಂಡ.

"ಸಾಕು" ಎಂದ.

ಎಲ್ಲರೂ ಕೊಡತಿ ಕೆಳಗಿಟ್ಟು ಹೊಂಗೆ ಮರದ ಕಡೆ ಬಗ್ಗಿ ನೋಡಿದೆವು. ಮುದುಕರು ಕಣ್ಣು ತೆರೆಯಲಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, "ಇನ್ನೇನ್ ನೋಡ್ತಾ ಕುಂತಿದ್ದೀರಿ? ಮ್ಯಾಲ್ಗಾರೆ ಬಳಿಯಾಕೆ ಸುಣ್ಣ ಅರೀರಿ" ಎಂದರು.

ಮೇಲ್ಗಾರೆ ಬಳಿದು ಒಣಗಿದ ಮೇಲೆ, ತಾರಸಿಯ ನೀರು ಹೋಗುವ ದಾರಿಗಳನ್ನೆಲ್ಲ ಮುಚ್ಚಿ, ಗೇಣುದ್ದ ನೀರು ನಿಲ್ಲಿಸಿ ಎರಡು ದಿನ ಬಿಟ್ಟೆವು. ಒಂದು ಹನಿ ಇಳಿಯಲಿಲ್ಲ. ಅದೇ ವಾರ ಮದ್ದೂರಿನ ವರ್ತಕರು ತಾವೇ ಬಂದು ಮುದುಕರನ್ನು ಕೇಳಿದರು, "ಈ ಹುಡುಗ ತಾರಸಿ ಕಟ್ತಾನಾ ಮೇಸ್ತ್ರಿ?"

"ಒಂದ್ಸಲ ಕೆಡಿಸವ್ನೆ, ಕಿತ್ತಾಕಿ ಕಟ್ಟವ್ನೆ. ಕರ್ಕಂಡೋಗಿ ಸ್ವಾಮಿ. ಓದ್ದೋರ್ನ ಮಾತ್ರ ಮಾಳ್ಗೆ ಮ್ಯಾಲಕ್ಕೆ ಬುಡ್ಬೇಡಿ."

ಸಂಕ್ರಾಂತಿ ಮುಗಿದ ಮೇಲೆ ಗಂಡಹೆಂಡಿರು ಕೊಡತಿಗಳನ್ನು ಕಟ್ಟಿಕೊಂಡು ಗಾಡಿ ಹತ್ತಿದರು. ಮುದುಕರು ಗಾಡಿಯ ಜೊತೆ ಊರಾಚೆಯವರೆಗೂ ನಡೆದರು, ನಾನೂ ಹೋದೆ. ದಾರಿಯುದ್ದಕ್ಕೂ ಅವರು ಎತ್ತಿನ ವಿಷಯ, ರಸ್ತೆಯ ವಿಷಯ ಮಾತಾಡಿದರೇ ಹೊರತು ಕೆಲಸದ ಮಾತೆತ್ತಲಿಲ್ಲ. ಹಿಂತಿರುಗುವ ಮುಂಚೆ ಗಾಡಿಯ ಗೂಟ ಹಿಡಿದು ನಿಲ್ಲಿಸಿದರು.

"ಲೇ, ಸುಣ್ಣಕ್ಕೆ ನೀರ್ ಉಯ್ದು ಅರಳಿಸೋ ದಿನ ಯೇಳ್ಕಳ್ಸು. ನಾನೇನೂ ಅನ್ನಕಿಲ್ಲ ಕಣ್ಲಾ. ಸುಮ್ಕೆ ಬಂದು ಕುಂತ್ಕತೀನಿ."